ಊರಿನ ಏಕೈಕ ಗ್ರಾಹಕಿ

ನಮ್ಮ ಊರಿನ ಸಮಸ್ತ ಅಂಗಡಿಗಳ ದಾಖಲೆಗಳ ಪ್ರಕಾರ ಈ ಊರಿನಲ್ಲಿ ಇರುವುದು ಒಬ್ಬರೇ ಗ್ರಾಹಕರು. ಅವರು ಹಳೆ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಕಳೆದ ತಿಂಗಳು ಒಂದೇ ಸಂಜೆ, ಊರಿನ ಬೇರೆ ಬೇರೆ ಮೂಲೆಗಳಲ್ಲಿ ಏಕಕಾಲಕ್ಕೆ, ಅವರು ಒಂದು ಅಲ್ಯೂಮಿನಿಯಂ ಏಣಿ, ಗಂಡಸರ ಶೇವಿಂಗ್ ಬ್ಲೇಡು, ಅವಳಿ ಮಕ್ಕಳ ತೊಟ್ಟಿಲು, ನಾಯಿಯ ಕೊರಳಪಟ್ಟಿ ಮತ್ತು ಮೂಲವ್ಯಾಧಿಯ ಮುಲಾಮನ್ನು ಖರೀದಿಸಿದ್ದಾರೆ. ಅವರಿಗೆ ಗಂಡನಿಲ್ಲ, ಮಕ್ಕಳಿಲ್ಲ, ನಾಯಿಯೂ ಇಲ್ಲ. ಮುಲಾಮು ಅವರ ಖಾಸಗಿ ವಿಷಯ. ನಾಗರಿಕರ ವೈಯಕ್ತಿಕ ಮಾಹಿತಿ ಇಷ್ಟೊಂದು ಸುರಕ್ಷಿತವಾಗಿರುವ ಇನ್ನೊಂದು ಊರು ಇಲ್ಲವೆಂದು ನಮ್ಮ ಸಮಿತಿಯ ವಾರ್ಷಿಕ ವರದಿಯಲ್ಲಿ ನಮೂದಿಸಲಾಗಿದೆ. ವರದಿ ಬರೆದವನು ನಾನೇ.

ನಾನು ವೈಯಕ್ತಿಕ ಮಾಹಿತಿ ಸಂರಕ್ಷಣಾ ಸಮಿತಿಯ ಉಪಕಾರ್ಯದರ್ಶಿ. ಕಾರ್ಯದರ್ಶಿಯ ಹುದ್ದೆ ಇನ್ನೂ ಮಂಜೂರಾಗಿಲ್ಲ. ಕಚೇರಿಯಲ್ಲಿ ಇರುವುದು ಅಧ್ಯಕ್ಷರು, ನಾನು ಮತ್ತು ಒಂದು ಝೆರಾಕ್ಸ್ ಯಂತ್ರ. ಮೂವರಲ್ಲಿ ನಿಜವಾಗಿ ಕೆಲಸ ಮಾಡುವುದು ಯಾರೆಂಬ ಮಾಹಿತಿಯೂ ಸಂರಕ್ಷಿತವಾಗಿದೆ.

ಸಮಿತಿಯ ಈ ಮಹತ್ತರ ಸಾಧನೆ ಶುರುವಾದದ್ದು ಒಂದು ಪೊರಕೆಯಿಂದ. ಮನೆಗೆ ಪೊರಕೆ ತರಲು ಹೋಗಿದ್ದೆ. ಬಿಲ್ ಕೌಂಟರಿನ ಹುಡುಗಿ ತಲೆ ಎತ್ತದೆ, "ನಂಬರ್ ಹೇಳಿ ಸರ್" ಅಂದಳು.

"ಪೊರಕೆಗೆ ನಂಬರ್ ಯಾಕಮ್ಮ?"

"ಸಿಸ್ಟಮ್ ಕೇಳುತ್ತೆ ಸರ್."

"ಕೊಡಲ್ಲ ಅಂದ್ರೆ?"

"ಪೊರಕೆ ಬಿಲ್ ಆಗಲ್ಲ ಸರ್."

ನಾನು ಎದೆಯುಬ್ಬಿಸಿ ನಾಗರಿಕನ ಹಕ್ಕುಗಳ ಬಗ್ಗೆ ಭಾಷಣ ಶುರುಮಾಡಿದೆ. ನನ್ನ ಧೈರ್ಯ ಹಿಂದೆ ಸಾಲು ಬೆಳೆಯುವತನಕ ಮಾತ್ರ ಬಾಳಿಕೆ ಬರುವಂಥದ್ದು. ಐಸ್‌ಕ್ರೀಮ್ ಡಬ್ಬಿ ಹಿಡಿದು ನಿಂತಿದ್ದವರೊಬ್ಬರು, "ಸ್ವಾಮಿ, ನಿಮ್ಮ ನಂಬರ್ ತಗೊಂಡು ಅವರೇನು ಉಪ್ಪಿನಕಾಯಿ ಹಾಕ್ತಾರಾ? ಹೇಳಿ ಬೇಗ, ಇಲ್ಲಿ ಎಲ್ಲಾ ಕರಗ್ತಾ ಇದೆ" ಅಂದರು. ಗಾಬರಿಯಲ್ಲಿ ಬಾಯಿಗೆ ಬಂದ ಒಂದು ನಂಬರ್ ಹೇಳಿಬಿಟ್ಟೆ. ಮೊದಲರ್ಧ ನನ್ನ ಹಳೆ ಸ್ಕೂಟರಿನದು, ಉಳಿದರ್ಧ ನಾವು ಹಿಂದೆ ಬಾಡಿಗೆಗಿದ್ದ ಮನೆಯ ಬಾಗಿಲ ಮೇಲಿನದು. ಹುಡುಗಿ ಒತ್ತಿದಳು, ಬಿಲ್ ಬಂತು. ಪೊರಕೆಯನ್ನು ಭುಜದ ಮೇಲೆ ಇಟ್ಟುಕೊಂಡು ಹೊರಗೆ ಬಂದವನಿಗೆ ನಾನು ಮಾಡಿದ್ದು ಹೋರಾಟವೆಂದು ಹೊಳೆಯಿತು.

ಅಂದಿನಿಂದ ನಂಬರ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಬಾಯಿಂದ ಆ ಅಂಕಿಗಳೇ ಉದುರುತ್ತಿದ್ದವು. ಚಪ್ಪಲಿ, ಬಿಪಿ ಮಾತ್ರೆ, ಹೇರ್ ಡೈ, ಎಲ್ಲವನ್ನೂ ಆ ನಂಬರಿನಲ್ಲೇ ಕೊಂಡೆ. ಅಮ್ಮನ ಕಿವಿ ಮೆಷಿನನ್ನೂ ಅದರಲ್ಲೇ ಕೊಂಡೆ.

ಅಧ್ಯಕ್ಷರಿಗೆ ಈ ವಿಧಾನ ಬಹಳ ಹಿಡಿಸಿತು. ಜನಜಾಗೃತಿಯ ಕರಪತ್ರದಲ್ಲಿ ಅದನ್ನು ನಾಲ್ಕನೇ ನಿಯಮವಾಗಿ ಸೇರಿಸಿದೆವು: "ಅಂಗಡಿಯವರು ದೂರವಾಣಿ ಸಂಖ್ಯೆಯನ್ನು ಕೇಳಿದಲ್ಲಿ ನಾಗರಿಕರು ತಮ್ಮ ಸಂಖ್ಯೆಯನ್ನು ನೀಡತಕ್ಕದ್ದಲ್ಲ. ಯಾರಿಗೂ ಸೇರದ ಸಂಖ್ಯೆಯೊಂದನ್ನು ತಾವೇ ಕಲ್ಪಿಸಿಕೊಂಡು ನೀಡತಕ್ಕದ್ದು."

"ಉದಾಹರಣೆ ಕೊಡದಿದ್ರೆ ಜನಕ್ಕೆ ಅರ್ಥ ಆಗಲ್ಲ ಕಣ್ರೀ," ಅಂದರು ಅಧ್ಯಕ್ಷರು. "ನಿಮ್ಮದನ್ನೇ ಹಾಕಿ. ಯಾರದೂ ಅಲ್ಲ ತಾನೇ ಅದು?"

"ಯಾರದೂ ಅಲ್ಲ ಸರ್. ನಾನೇ ಕಂಡುಹಿಡಿದದ್ದು."

ಒಮ್ಮೆ ಫೋನ್ ಮಾಡಿ ನೋಡೋಣವೇ ಎಂದು ಕೇಳಿದೆ. ಹಾಗೆ ಪರೀಕ್ಷಿಸಿದರೆ ಆ ನಂಬರಿನ ಖಾಸಗಿತನಕ್ಕೆ ಧಕ್ಕೆ ಬರುತ್ತದೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಕರಪತ್ರ ಮನೆಮನೆಗೂ ಹೋಯಿತು. ತಾವೇ ಕಲ್ಪಿಸಿಕೊಳ್ಳಬೇಕೆಂಬ ಭಾಗ ನಾಗರಿಕರಿಗೆ ಕಷ್ಟವಾಗಿರಬೇಕು. ಅವರು ಕರಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೌಂಟರಿನಲ್ಲಿ ಮಾದರಿಯನ್ನೇ ಓದಿ ಹೇಳತೊಡಗಿದರು.

ಇದಾದ ಮೇಲೆ ಮೈಕ್ ಕಟ್ಟಿದ ವ್ಯಾನಿನಲ್ಲಿ ನನ್ನದೇ ಧ್ವನಿಯ ಪ್ರಕಟಣೆ ಊರು ಸುತ್ತಿತು. "ಮಹಾಜನಗಳೇ, ನಿಮ್ಮ ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಕೇಳಿದರೂ ಹೇಳಬೇಡಿ. ಹೆತ್ತ ಮಗ ಕೇಳಿದರೂ ಹೇಳಬೇಡಿ. ಈಗ ಮಾತನಾಡುತ್ತಿರುವ ನಾನೇ ಖುದ್ದಾಗಿ ನಿಮ್ಮ ಬಾಗಿಲಿಗೆ ಬಂದು ಕಣ್ಣೀರಿಟ್ಟರೂ ಹೇಳಬೇಡಿ." ಕೊನೆಯ ವಾಕ್ಯ ಬರೆದಾಗ ನನಗೇ ಮೈ ಜುಮ್ಮೆಂದಿತ್ತು.

ಅಮ್ಮ ಇರುವುದು ಅಕ್ಕನ ಮನೆಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾನುವಾರ ಹೋಗಿ ನೋಡಿಕೊಂಡು ಬರುತ್ತೇನೆ. ಹೋದಾಗಲೆಲ್ಲ ಅಮ್ಮ, "ನಿನ್ನ ಆಫೀಸಲ್ಲಿ ಫೋನ್ ಎತ್ತೋ ಹೆಣ್ಣುಮಗಳು ಬಂಗಾರದಂಥವಳು ಕಣೋ. ಸಂಬಳ ಸರಿಯಾಗಿ ಕೊಡ್ತೀರೇನೋ?" ಎಂದು ಕೇಳುತ್ತಿದ್ದಳು. ನಮ್ಮ ಆಫೀಸಿನಲ್ಲಿ ಹೆಣ್ಣುಮಗಳು ಯಾರೂ ಇಲ್ಲ. ವಯಸ್ಸಾಯಿತು, ಏನೋ ಹೇಳುತ್ತಾಳೆ ಎಂದು "ಕೊಡ್ತೀವಮ್ಮ" ಅನ್ನುತ್ತಿದ್ದೆ. ಅಮ್ಮ ಒಂದು ದಿನವೂ ಕೆಲಸದ ಹೊತ್ತಿನಲ್ಲಿ ನನಗೆ ಫೋನ್ ಮಾಡಿ ತೊಂದರೆ ಕೊಟ್ಟವಳಲ್ಲ. ನನ್ನ ಜವಾಬ್ದಾರಿಯ ಭಾರ ಅವಳಿಗೆ ಅರ್ಥವಾಗಿದೆಯೆಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಹೆಮ್ಮೆಪಟ್ಟದ್ದೂ ಉಂಟು.

ಒಂದು ಭಾನುವಾರ ಹೋದಾಗ ಅಮ್ಮನ ಕಿವಿ ಮೆಷಿನ್ ಕೆಟ್ಟಿತ್ತು. ಅಕ್ಕ ಅದನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ನಾಲ್ಕು ದಿನದಿಂದ ಮಾತೇ ಆಡ್ತಿಲ್ಲ ಕಣೋ. ಊಟ ಮಾಡು ಅಂದ್ರೆ ನಗ್ತಾಳೆ, ಮಲಕ್ಕೋ ಅಂದ್ರೆ ನಗ್ತಾಳೆ." ನಾವೆಲ್ಲ ಏನಕ್ಕೋ ನಕ್ಕಾಗ ಅಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ ತಾನೂ ನಕ್ಕಳು. ಮಾರನೇ ದಿನವೇ ಮೆಷಿನ್ ಅಂಗಡಿಗೆ ಹೋದೆ.

ಅಂಗಡಿಯವನು ಬಹಳ ಸಭ್ಯ. ಮೆಷಿನನ್ನು ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಿ, "ವಾರಂಟಿ ಇದೆ ಸರ್, ಇವತ್ತೇ ಮಾಡಿಕೊಡ್ತೀವಿ. ನಿಮ್ಮ ನಂಬರಿಗೆ ಒಟಿಪಿ ಹೋಗಿದೆ, ಹೇಳಿ" ಅಂದ.

"ಅದು ನನ್ನ ನಂಬರ್ ಅಲ್ಲಪ್ಪ."

"ಹಾಗಾದ್ರೆ ಮೆಷಿನ್ನೂ ನಿಮ್ಮದಲ್ಲ ಸರ್."

"ನನ್ನ ತಾಯಿಯದು!"

"ಸಿಸ್ಟಮ್‌ನಲ್ಲಿ ತಾಯಿ ಇಲ್ಲ ಸರ್. ಗ್ರಾಹಕರು ಮಾತ್ರ."

ದುಡ್ಡು ಕೊಡುತ್ತೇನೆ, ರಿಪೇರಿ ಮಾಡಿ ಅಂದೆ. ಗ್ರಾಹಕರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲವಂತೆ. ಹೋಗಲಿ, ವಾಪಸ್ಸಾದರೂ ಕೊಡಿ ಅಂದೆ. ಅವನು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ. "ಇನ್ನೊಬ್ಬರ ವಸ್ತು ನಿಮಗೆ ಹೇಗೆ ಕೊಡೋದು ಸರ್? ನಾಳೆ ಅವರು ನಿಮ್ಮ ಸಮಿತಿಗೇ ದೂರು ಕೊಟ್ರೆ?" ಹಾಗೆ ದೂರು ಬಂದರೆ ಕ್ರಮ ಕೈಗೊಳ್ಳಬೇಕಾದ ಅಧಿಕಾರಿ ನಾನೇ ಆದ್ದರಿಂದ ಸುಮ್ಮನೆ ಹೊರಗೆ ಬಂದೆ.

ಹೊರಗೆ ನಿಂತು, ನಾನೇ ಕಂಡುಹಿಡಿದ ನಂಬರಿಗೆ ಜೀವನದಲ್ಲಿ ಮೊದಲ ಸಲ ಫೋನ್ ಮಾಡಿದೆ. ಬಹಳ ಹೊತ್ತು ಬ್ಯುಸಿ ಬಂತು. ಕೊನೆಗೆ ಒಂದು ಹೆಣ್ಣು ಧ್ವನಿ ಕೇಳಿಸಿತು. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಹೇಳಿ. ತೊಟ್ಟಿಲಿನವರಾ, ಏಣಿಯವರಾ?"

"ಅಲ್ಲ, ನಾನು... ಕಿವಿ ಮೆಷಿನ್. ಅದಕ್ಕಿಂತ ಮುಂಚೆ ಚಪ್ಪಲಿ. ಹೇರ್ ಡೈ."

"ಓ, ಹೇರ್ ಡೈ ನೀವಾ! ಈ ತಿಂಗಳು ಇನ್ನೂ ತಗೊಂಡಿಲ್ವಲ್ಲ ಸರ್, 'ನಿಮ್ಮನ್ನು ನೆನೆಯುತ್ತಿದ್ದೇವೆ' ಅಂತ ನಿನ್ನೆಯಿಂದ ಮೆಸೇಜ್ ಮೇಲೆ ಮೆಸೇಜು."

ನಾನು ತಲೆ ಸವರಿಕೊಂಡು ವಿಷಯ ಹೇಳಿದೆ, ಒಟಿಪಿ ಕೇಳಿದೆ. ಹೊಲಿಗೆ ಯಂತ್ರ ನಿಂತಿತು.

"ಒಟಿಪಿ ಮಾತ್ರ ಕೇಳಬೇಡಿ ಸರ್. ಮೈಕಲ್ಲಿ ಹೇಳಿದಾರೆ."

"ಮೈಕಲ್ಲಿ ಹೇಳಿದ್ದು ನಾನೇ ಕಣಮ್ಮ!"

"ಹೌದು, ಧ್ವನಿ ಅದೇ. 'ನಾನೇ ಬಂದು ಕೇಳಿದರೂ ಹೇಳಬೇಡಿ' ಅಂದಿದ್ದೂ ನೀವೇ ತಾನೇ? ಎಷ್ಟು ಒಳ್ಳೆ ಮಾತು ಹೇಳಿದ್ರಿ ಸರ್." ಫೋನ್ ಇಟ್ಟರು.

ಕಣ್ಣೀರಿಡುವ ಅವಕಾಶವನ್ನೂ ನಾನೇ ಮುಂಚಿತವಾಗಿ ರದ್ದುಪಡಿಸಿದ್ದೆ. ಬೇರೆ ದಾರಿ ಕಾಣದೆ ವಿಷಯವನ್ನು ಅಧ್ಯಕ್ಷರ ಗಮನಕ್ಕೆ ತಂದೆ. ಅವರ ಕಣ್ಣು ತುಂಬಿ ಬಂತು. "ನೋಡ್ರೀ, ನಮ್ಮ ಆಂದೋಲನ ತಳಮಟ್ಟಕ್ಕೆ ಹೋಗಿದೆ! ಒಬ್ಬ ಅಧಿಕಾರಿ ಅಂಗಲಾಚಿ ಬೇಡಿಕೊಂಡ್ರೂ ಜಗ್ಗಲಿಲ್ಲ ಆಕೆ." ಕೂಡಲೇ ಆ ಹೆಂಗಸಿಗೆ 'ಆದರ್ಶ ನಾಗರಿಕ' ಪ್ರಶಸ್ತಿ ಘೋಷಿಸಲಾಯಿತು. ಒಟಿಪಿ ಹೇಳದಿದ್ದುದಕ್ಕಾಗಿ ಅವರನ್ನು ಅಭಿನಂದಿಸುವ ಬಿನ್ನವತ್ತಳೆಯನ್ನು ಬರೆಯುವ ಕೆಲಸವನ್ನೂ, ಫಲಕವನ್ನು ಮನೆಗೆ ತಲುಪಿಸುವ ಕೆಲಸವನ್ನೂ ನನಗೇ ವಹಿಸಲಾಯಿತು. ಬಿನ್ನವತ್ತಳೆ ಚೆನ್ನಾಗಿ ಬಂದಿತ್ತು.

ಫಲಕ ಕೊಡಲು ಹೊರಟ ದಿನ ಅಕ್ಕ ಎಲ್ಲಿಗೋ ಹೋಗಬೇಕಿತ್ತು. "ಅಮ್ಮನ್ನ ಒಬ್ಬಳನ್ನೇ ಬಿಡೋಕಾಗಲ್ಲ, ಬಾಗಿಲು ಬಡಿದ್ರೂ ಕೇಳಲ್ಲ, ನೀನೇ ಕರ್ಕೊಂಡು ಹೋಗು" ಅಂದಳು. ಹೀಗಾಗಿ ಒಂದು ಕೈಯಲ್ಲಿ ಫಲಕ, ಇನ್ನೊಂದರಲ್ಲಿ ಅಮ್ಮನ ಕೈ ಹಿಡಿದುಕೊಂಡು ಹಳೆ ಅಂಚೆ ಕಚೇರಿಯ ಹಿಂದಿನ ಬೀದಿಗೆ ಹೋದೆ.

ಮೆಟ್ಟಿಲುಗಳ ಮೇಲೆ ಜನ ಕೂತಿದ್ದರು. ಕೆಟ್ಟ ಮಿಕ್ಸಿ, ತಿರುಗದ ಫ್ಯಾನು, ಹಿಡಿ ಮುರಿದ ಸೂಟ್‌ಕೇಸು ಅವರವರ ಮಡಿಲಲ್ಲಿ. ಎಲ್ಲರದ್ದೂ ವಾರಂಟಿ ಇತ್ತು, ಒಟಿಪಿ ಇರಲಿಲ್ಲ. ಒಳಗೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಫೋನು ಗುಂಯ್‌ಗುಟ್ಟುತ್ತಿತ್ತು, ಅದು ನಡುಗಿದಾಗಲೆಲ್ಲ ದಾರದ ಉಂಡೆ ಉರುಳಿ ಕೆಳಗೆ ಬೀಳುತ್ತಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೊಲಿಗೆಯವರು ನನ್ನ ಬಿನ್ನವತ್ತಳೆಯನ್ನು ಕೇಳಿಸಿಕೊಂಡರು, ಫಲಕವನ್ನು ತೆಗೆದುಕೊಂಡು ಬಟ್ಟೆಯ ರಾಶಿಯ ಮೇಲೆ ಭಾರಕ್ಕೆ ಇಟ್ಟರು.

ಅಷ್ಟರಲ್ಲಿ ಅಮ್ಮ, ತನಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲವೆಂಬಂತೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಎಲ್ಲಿಗೋ ಕರ್ಕೊಂಡು ಬಂದೆ ನನ್ನ? ಇಲ್ಲಿ ಯಾರಿದಾರೋ?"

ಹೊಲಿಗೆಯವರು ಬಾಯಿಂದ ಗುಂಡುಸೂಜಿ ತೆಗೆದರು. ಎದ್ದು ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ, ಮಧ್ಯಾಹ್ನದ ಅಮ್ಮ! ಎಷ್ಟು ದಿನ ಆಯ್ತು ಫೋನಿಲ್ಲ, ಏನಿಲ್ಲ. ಏನಾಯ್ತೋ ಅಂತ ನನಗೆ ಊಟ ಸೇರ್ತಿಲ್ಲ!" ಆಮೇಲೆ ನನ್ನ ಕಡೆ ತಿರುಗಿದರು. "ಯಾವಾಗಲೂ ಮೀಟಿಂಗಲ್ಲೇ ಇರೋ ಮಗ ನೀವೇನಾ?"

ಆಗ ನನಗೆ ನೆನಪಾಯಿತು. ಆಫೀಸಿನಿಂದ ಹೊಸ ಫೋನ್ ಕೊಟ್ಟಾಗ ಅಮ್ಮ, "ನಿನ್ನ ನಂಬರ್ ಹೇಳೋ, ಒತ್ತಿಟ್ಕೋತೀನಿ" ಅಂದಿದ್ದಳು. ನಂಬರ್ ಎಂಬ ಶಬ್ದ ಕಿವಿಗೆ ಬಿದ್ದಿತ್ತು, ನನ್ನ ಬಾಯಿಂದ ಉದುರಿತ್ತು. ಅಕ್ಕ ಏನಿದ್ದರೂ ನನ್ನ ಹೆಂಡತಿಗೇ ಫೋನ್ ಮಾಡುವವಳು, ಅವಳಿಗೂ ಗೊತ್ತಾಗಲಿಲ್ಲ. ಹೆತ್ತ ತಾಯಿಯಿಂದಲೂ ನನ್ನ ವೈಯಕ್ತಿಕ ಮಾಹಿತಿಯನ್ನು ನಾನು ಯಶಸ್ವಿಯಾಗಿ ಸಂರಕ್ಷಿಸಿದ್ದೆ.

"ಮೊದಲ ದಿನ ರಾಂಗ್ ನಂಬರ್ ಅಂತ ಹೇಳೋಣ ಅಂತಿದ್ದೆ ಸರ್," ಅಂದರು ಹೊಲಿಗೆಯವರು. "ಆದ್ರೆ 'ನನ್ನ ಮಗ ಊಟ ಮಾಡಿದ್ನಾ?' ಅಂತ ಕೇಳಿದ್ರು. ಹಾಗೆ ಕೇಳಿದವರಿಗೆ ರಾಂಗ್ ನಂಬರ್ ಅಂತ ಹೇಗೆ ಹೇಳ್ಲಿ? ಮಾಡಿದ್ರು ಅಮ್ಮ, ಮೀಟಿಂಗಲ್ಲಿದಾರೆ ಅಂದೆ. ಆಮೇಲೆ ದಿನಾ ಮಧ್ಯಾಹ್ನ ಫೋನ್ ಮಾಡೋಕೆ ಶುರು ಮಾಡಿದ್ರು."

ಒಟಿಪಿಯ ಮಾತನ್ನು ನಾನು ಮತ್ತೆ ಎತ್ತಬೇಕಾಗಿ ಬರಲಿಲ್ಲ. "ನಿಮಗೆ ಹೇಳಲ್ಲ ಸರ್, ನಿಯಮ ನಿಯಮವೇ," ಎಂದು ಅವರೇ ಅಂಗಡಿಗೆ ಫೋನ್ ಮಾಡಿದರು. "ಗ್ರಾಹಕಿ ಮಾತಾಡ್ತಾ ಇದೀನಿ," ಅಂದದ್ದೇ ತಡ, ಆ ಕಡೆಯಲ್ಲಿ ಕುರ್ಚಿ ಸರಿದ ಸದ್ದು ನನಗೂ ಕೇಳಿಸಿತು. ಸಂಜೆಯೊಳಗೆ ಅಂಗಡಿಯವನೇ ಮೆಷಿನನ್ನು ರಿಪೇರಿ ಮಾಡಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಅಲ್ಲಿಗೇ ತಂದುಕೊಟ್ಟ.

ಹೊಲಿಗೆಯವರು ಅದನ್ನು ಅಮ್ಮನ ಕಿವಿಗೆ ಹಾಕಿ, "ಅಮ್ಮ, ಕೇಳಿಸ್ತಾ?" ಅಂದರು. ಅಮ್ಮ ಆ ಧ್ವನಿ ಕೇಳಿದವಳೇ ಅವರ ಕೆನ್ನೆ ಸವರಿ, "ಇವಳೇ ಕಣೋ, ನಿನ್ನ ಆಫೀಸಿನ ಹೆಣ್ಣುಮಗಳು!" ಅಂದಳು.

ದಾರಿಯಲ್ಲಿ ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಧಿಕೃತ ನಿಯಮಗಳನ್ನು ಬದಿಗಿಟ್ಟು, ನನ್ನ ನಿಜವಾದ ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಡುತ್ತೇನೆ ಅಂದೆ. ಅಮ್ಮ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಬೇಡ ಬಿಡೋ. ಇರೋದೇ ಇರ್ಲಿ. ಅದನ್ನ ಎತ್ತುತ್ತಾರೆ."

ಈಗ ಎಲ್ಲವೂ ಕ್ರಮಬದ್ಧವಾಗಿದೆ. ಹೊಲಿಗೆಯವರನ್ನು ಊರಿನ ಅಧಿಕೃತ ಗ್ರಾಹಕರೆಂದು ಸಮಿತಿ ನೇಮಿಸಿದೆ. ವಾರಂಟಿ ಬೇಕಾದವರು ಅವರ ಮೆಟ್ಟಿಲ ಮೇಲೆ ಸಾಲಾಗಿ ಕೂತು, ಸರದಿ ಬಂದಾಗ ತಿಳಿಸಲೆಂದು ತಮ್ಮ ತಮ್ಮ ನಿಜವಾದ ನಂಬರನ್ನು ಸಂತೋಷದಿಂದ ಕೊಟ್ಟು ಹೋಗುತ್ತಾರೆ. ಅಂಗಡಿಗಳು ಕೊಡುವ ಪಾಯಿಂಟುಗಳಲ್ಲಿ ಹೊಲಿಗೆಯವರು ಹೊಸ ಫ್ರಿಜ್ ತೆಗೆದುಕೊಂಡಿದ್ದಾರೆ. ಯಾರಿಗೂ ಆಕ್ಷೇಪಣೆಯಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೊಮ್ಮೆ ನನಗೆ ಅಮ್ಮನ ಜೊತೆ ಮಾತಾಡಬೇಕೆನಿಸುತ್ತದೆ. ಅವಳ ಫೋನ್ ಬ್ಯುಸಿ ಇರುತ್ತದೆ. ಆಗ ಮಾದರಿ ನಂಬರಿಗೇ ಮಾಡಿ ಕಾಯುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಹೊಲಿಗೆಯವರು ಈ ಕರೆಯನ್ನು ಎತ್ತಿ, ಬಹಳ ಮರ್ಯಾದೆಯಿಂದ ಹೇಳುತ್ತಾರೆ: "ಅಮ್ಮ ಮಾತಲ್ಲಿದಾರೆ ಸರ್. ನೀವು ಊಟ ಮಾಡಿದ್ರಾ ಅಂತ ಕೇಳ್ತಿದ್ರು. ಏನಂತ ಹೇಳ್ಲಿ?"

ಮಾಡಿದೆ ಅಂತ ಹೇಳಿ, ಎನ್ನುತ್ತೇನೆ. ನನ್ನ ನಂಬರ್ ಸಂಪೂರ್ಣ ಸುರಕ್ಷಿತವಾಗಿದೆ. ಅದನ್ನು ಯಾರೂ ಕೇಳುವುದಿಲ್ಲ.