ಗುರುಪಾದಪ್ಪ ಗೋಡೆ ಹತ್ತಿದ್ದು

ಊಟದ ಡಬ್ಬಿ ಮುಚ್ಚಿಕೊಂಡು ಸುಮ್ಮನೆ ಎದ್ದಿದ್ದರೆ ಗುರುಪಾದಪ್ಪನಿಗೆ ಈ ಗತಿ ಬರುತ್ತಿರಲಿಲ್ಲ. ಯಶವಂತಪುರದ ಪಂಪ್ ಕಂಪನಿಯ ಆಫೀಸಿನಲ್ಲಿ ಇಷ್ಟು ವರ್ಷ ಬಾಯಿ ಬಿಡದೆ ದುಡಿದವನು, ಅವತ್ತು ಶೇಂಗಾ ಚಟ್ನಿಯ ಖುಷಿಯಲ್ಲಿ, "ನಮ್ಮ ಬಾದಾಮಿ ಕಡೆ ಹುಡುಗ್ರು ನಡಿಯೂದಕ್ಕಿಂತ ಮೊದ್ಲ ಗುಡ್ಡಾ ಹತ್ತತಾವು" ಎಂದುಬಿಟ್ಟ.

ಅದು ಮ್ಯಾನೇಜರ್ ಶಶಿರೇಖಾ ಮೇಡಂ ಕಿವಿಗೆ ಬಿತ್ತು. ಮೇಡಂಗೆ ಸಾಹಸವೆಂದರೆ ಪ್ರಾಣ. ಲಿಫ್ಟು ಕೂಡ ಸ್ವಲ್ಪ ಜೋರಾಗಿ ಇಳಿಯಬಾರದೇ ಎಂದು ಕೊರಗುವವರು. ಭಾನುವಾರ ಎಲ್ಲರೂ ಹೆಬ್ಬಾಳದ ಹತ್ತಿರ, ಹಗ್ಗ ಕಟ್ಟಿಕೊಂಡು ಹತ್ತುವ ಬಂಡೆಗೋಡೆಗೆ ಹೋಗುವುದೆಂದು ತೀರ್ಮಾನವಾಯಿತು.

"ಬಲ್ಬ್ ಹಾಕಾಕ ಸ್ಟೂಲ್ ಏರಾಕ ಅಂಜತೀರಿ ನೀವು. ಬ್ಯಾಡ ಅಂದ್ಬಿಡ್ರಿ" ಎಂದಳು ಹೆಂಡತಿ ಈರವ್ವ.

"ಹ್ಯಾಂಗ ಅನ್ಲಿ? ಬಾದಾಮಿ ಮರ್ಯಾದಿ ಪ್ರಶ್ನೆ ಐತಿ!"

ಗೋಡೆ ಮೂರು ಅಂತಸ್ತಿನ ಮನೆಯಷ್ಟಿತ್ತು. ಹೆಂಗಸರು ಮೊದಲು ಹತ್ತಲಿ ಎಂದ, ಹತ್ತಿದರು. ಚಿಕ್ಕವರು ಹತ್ತಲಿ ಎಂದ. ಹತ್ತಿ ಇಳಿದೂ ಬಿಟ್ಟರು. ಅಷ್ಟೂ ಹೊತ್ತು ಒಬ್ಬೊಬ್ಬರ ಸೊಂಟದ ಹಗ್ಗದ ಗಂಟನ್ನೂ ಬಗ್ಗಿ ಬಗ್ಗಿ ನೋಡುತ್ತ ನಿಂತ.

"ಏನ್ ಗುರು, ಬಾದಾಮಿ ಹುಲಿ! ಏರಪ್ಪಾ!" ಎಂದು ಆಫೀಸಿನಲ್ಲಿ ಪಕ್ಕದ ಮೇಜಿನ ಮುನಿರತ್ನ ವಿಡಿಯೋ ತೆಗೆಯಲು ಮೊಬೈಲ್ ಹಿಡಿದ.

ತರಬೇತಿ ಕೊಡುವ ಜಹೀರಾ ಗುರುಪಾದಪ್ಪನ ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿದು, "ಹಗ್ಗ ನನ್ನ ಕೈಲಿದೆ, ಧೈರ್ಯವಾಗಿ ಹೋಗಿ ಸರ್" ಎಂದಳು.

ಬಸ್ಸಿನ ಎತ್ತರದವರೆಗೆ ಹೇಗೋ ಹೋದ. ಅಲ್ಲಿ ಹಲ್ಲಿಯಂತೆ ಅಂಟಿಕೊಂಡ. ಹಲ್ಲಿಯಾದರೂ ಆಗಾಗ ಅಲ್ಲಾಡುತ್ತದೆ.

"ಇರಿ, ನಾನೇ ಬಂದೆ!" ಎಂದರು ಮೇಡಂ. ಗಂಟು ನೋಡಲು ಬಂದ ಇನ್ನೊಬ್ಬ ತರಬೇತುದಾರನಿಗೆ "ಇದೆಲ್ಲ ನಂಗೊತ್ತಪ್ಪ" ಎಂದು ತಾವೇ ಹಗ್ಗ ಕಟ್ಟಿಕೊಂಡು, ಪಕ್ಕದ ಸಾಲಿನಲ್ಲಿ ಸರಸರ ಏರಿದರು.

ಮೇಲೆ ನೋಡಿದರೆ ಆಕಾಶ, ಕೆಳಗೆ ನೋಡಿದರೆ ಮುನಿರತ್ನ. ಎರಡೂ ಬೇಡವೆಂದು ಗುರುಪಾದಪ್ಪ ಪಕ್ಕಕ್ಕೆ ನೋಡಿದ. ಕಣ್ಣೆದುರಿಗೇ ಮೇಡಂ ಸೊಂಟದ ಗಂಟು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

"ಮೇಡಂ! ಗಂಟು! ಗಂಟು ಬಿಚ್ಚೇತ್ರಿ!"

"ಮೇಡಂ, ಹಗ್ಗಕ್ಕೆ ಭಾರ ಬಿಡ್ಬೇಡಿ! ಗೋಡೆ ಗಟ್ಟಿ ಹಿಡ್ಕೊಳ್ಳಿ!" ಜಹೀರಾ ಕೂಗಿದಳು. ತರಬೇತುದಾರ ಇನ್ನೊಂದು ಹಗ್ಗದಲ್ಲಿ ಮೇಲೇರಿ, ಮೇಡಂ ಪಟ್ಟಿಗೆ ಕೊಂಡಿ ಸಿಕ್ಕಿಸಿ ಇಳಿಸಿಕೊಂಡ. ಆಮೇಲೆ ಗುರುಪಾದಪ್ಪನನ್ನೂ ಇಳಿಸಿದರು. ಅವನು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ಮೇಡಂ ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಗುರುಪಾದಪ್ಪನ ಮನಸ್ಸೂ ಕರಗಿತು. "ಖರೇ ಹೇಳ್ತೀನ್ರಿ ಮೇಡಂ. ಎತ್ತರ ಅಂದ್ರ ನನ್ನ ಜೀವಾ ಹೋಗ್ತೈತಿ. ಅಂಜಿಕಿಗೇ ಎಲ್ಲಾರ ಗಂಟೂ ನೋಡ್ಕೋತ ನಿಂತಿದ್ದೆ. ಇನ್ಮ್ಯಾಲ ನನ್ನ ಕರೀಬ್ಯಾಡ್ರಿ."

ಯಾರೂ ನಗಲಿಲ್ಲ. "ಭಯ ಇದ್ದೋರೇ ಸರ್ ಗಂಟು ಎರಡೆರಡು ಸಲ ನೋಡೋದು. ನಾನೂ ದಿನಾ ಹೆದರ್ಕೊಂಡೇ ಹತ್ತೋದು" ಎಂದಳು ಜಹೀರಾ. ಮುನಿರತ್ನ ತಾನಾಗಿಯೇ ವಿಡಿಯೋ ಅಳಿಸಿದ. ಇಷ್ಟು ವರ್ಷ ಬಚ್ಚಿಟ್ಟ ಅಂಜಿಕೆಗೆ ಇಷ್ಟೊಂದು ಮರ್ಯಾದೆ ಸಿಕ್ಕಿತಲ್ಲ ಎಂದು ಗುರುಪಾದಪ್ಪ ಹಿಗ್ಗಿದ. ಎಲ್ಲರಿಗೂ ಕೈ ಮುಗಿದ.

ಮೇಡಂ ಕಣ್ಣೊರೆಸಿಕೊಂಡರು. "ನಂಗೆ ಹುಟ್ಟಿದಾಗಿಂದ ಭಯಾನೇ ಬರಲ್ಲ ಗುರುಪಾದಪ್ಪನೋರೆ. ಅದೇ ತಪ್ಪು ಅಂತ ಇವತ್ತು ಗೊತ್ತಾಯ್ತು. ಇನ್ಮೇಲೆ ನನ್ನ ಪಾಲಿನ ಭಯಾನೂ ನೀವೇ ಪಡ್ಬೇಕು."

"ಅಂದ್ರ ಹ್ಯಾಂಗ್ರಿ?"

"ಬರೋ ಭಾನುವಾರ ಕಾಲಿಗೆ ಹಗ್ಗ ಕಟ್ಕೊಂಡು ಕ್ರೇನ್ ಮೇಲಿಂದ ಜಿಗಿಯೋದಿದೆ. ಗಂಟು ನೀವು ನೋಡಿ, ಸರಿ ಇದ್ಯಾ ಅಂತ ಮೊದ್ಲು ನೀವೇ ಜಿಗೀರಿ. ನೀವು ವಾಪಸ್ ಬಂದ್ಮೇಲೇನೇ ನಾನು ಜಿಗಿಯೋದು!"