ಅಂಬಾರಾಯರ ಬಲಗೈ ಹೆಬ್ಬೆಟ್ಟು

ಮರಾಠಿ ಸೀಮೆಯ ಧನಕವಡಿಯಲ್ಲಿದ್ದ ಅಂಬಾರಾಯರಿಗೆ ಒಂದು ದಿವ್ಯವಾದ ವಿಚಾರ ಹೊಳೆಯಿತು. ಇನ್ನು ಅಂಗಡಿಗೆ ಬರಿಗೈಯಲ್ಲೇ ಹೋಗುವುದು! ಮೊಬೈಲಿನಲ್ಲಿ ದುಡ್ಡು ಕೊಡುವುದೆಂದರೆ ಅವರಿಗೆ ತಲೆನೋವು. ಕನ್ನಡಕ ಸಿಕ್ಕರೆ ಪಿನ್ ಮರೆತಿರುತ್ತದೆ, ಪಿನ್ ನೆನಪಾದರೆ ಕನ್ನಡಕ ಮನೆಯಲ್ಲಿರುತ್ತದೆ. ರಂಗೂಬಾಯಿಯ ಕಿರಾಣಿ ಅಂಗಡಿಗೆ ಬೆರಳೊತ್ತುವ ಮಷೀನು ಬಂದಿದೆಯೆಂದು ಕೇಳಿದ್ದೇ ತಡ, ಹೆಂಡತಿಯನ್ನು ಹೊರಡಿಸಿದರು.

“ಆಧಾರ್ ನಂಬರ್ ಹೇಳೂದು, ಹೆಬ್ಬೆಟ್ಟ ಒತ್ತೂದು. ಹೆಬ್ಬೆಟ್ಟ ಮನ್ಯಾಗ ಮರತು ಬರಾಕ ಆಗ್ತದೇನು?”

“ನಿಮ್ಮನ್ನ ನಂಬಾಕ ಬರೂದಿಲ್ಲ ಬಿಡ್ರಿ” ಎಂದು ಕಾಶವ್ವ ನಗುತ್ತಲೇ ಚೀಲ ತೆಗೆದುಕೊಂಡಳು.

ಅವಳು ಭಾಳ ಖುಷಿಯಲ್ಲಿದ್ದ ಕಾಲವದು. ದೀಪಾವಳಿಗೆ ಗಂಡ ತಂಬಾಕು ಬಿಟ್ಟಿದ್ದರು. (ಬಿಟ್ಟದ್ದು ಮನೆಯೊಳಗೆ ಮಾತ್ರ. ಉದ್ಯಾನದ ಬೆಂಚಿನ ಮೇಲೆ ದಿನಕ್ಕೆ ಎಂಟು ಸಲ ಸುಣ್ಣ ಹಚ್ಚಿ ತಿಕ್ಕುವ ಸೇವೆ ನಡೆದೇ ಇತ್ತು. ಇದು ಕಾಶವ್ವನಿಗೆ ತಿಳಿದರೆ ತಮ್ಮ ಗತಿಯೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.)

ಅಂಗಡಿಯಲ್ಲಿ ರವೆ, ಬೆಲ್ಲ ಕಟ್ಟಿಸಿ, ಅಂಬಾರಾಯರು ಗತ್ತಿನಿಂದ ಬಲಗೈ ಹೆಬ್ಬೆಟ್ಟು ಒತ್ತಿದರು. ಕೆಂಪು ದೀಪ. ಧೋತರಕ್ಕೆ ಒರೆಸಿ ಒತ್ತಿದರು. ಮತ್ತೆ ಕೆಂಪು.

“ಕಾಕಾ, ದುಸರಂ ಬೋಟ ಠೇವಾ” ಎಂದಳು ರಂಗೂಬಾಯಿ.

ಬೇರೆ ಬೆರಳಿಟ್ಟರು. ಹಸಿರು ದೀಪ! ಅಂಬಾರಾಯರು ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು. ಅಷ್ಟರಲ್ಲಿ ರಂಗೂಬಾಯಿ, ತಂಬಾಕು ತಿಕ್ಕುವವರದೆಲ್ಲ ಹೀಗೇ, ಸುಣ್ಣಕ್ಕೆ ಹೆಬ್ಬೆಟ್ಟಿನ ಗೆರೆಗಳು ಸವೆಯುತ್ತವೆ, ತನ್ನ ಗಂಡನದೂ ಇದೇ ಕತೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿಬಿಟ್ಟಳು.

ಕಾಶವ್ವ ಗಂಡನ ಕೈ ಹಿಡಿದು ತಿರುಗಿಸಿ ನೋಡಿದಳು.

“ಬಾಕಿ ಬೆರಳು ಚಲೋ ಅದಾವು. ಇದಕ್ಕೇನಾತ್ರಿ?”

“ವಯಸ್ಸಾತಲ್ಲ…”

“ಹೆಬ್ಬೆಟ್ಟ ಒಂದಕ್ಕ ವಯಸ್ಸಾತೇನ್ರಿ?”

ಅಂಬಾರಾಯರು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡರು.

“ನಮ್ಮವರು ಬಿಟ್ಟಾರ ಅಂತ ಓಣಿ ತುಂಬ ಹೇಳ್ಕೋತ ಅಡ್ಯಾಡೀನಿ” ಎಂದಳು ಕಾಶವ್ವ. ಅವಳ ಕಣ್ಣಲ್ಲಿ ನೀರಾಡಿತು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅಂಬಾರಾಯರಿಗೆ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಅಂದಿನಿಂದ ಕಾಶವ್ವನ ಹೊಸ ಕಾನೂನು ಜಾರಿಯಾಗಿದೆ. ಪ್ರತಿ ಸೋಮವಾರ ಅಂಬಾರಾಯರು ರಂಗೂಬಾಯಿಯ ಅಂಗಡಿಯಲ್ಲಿ ಬಲಗೈ ಹೆಬ್ಬೆಟ್ಟು ಒತ್ತಿಯೇ ಒಂದು ಕಡ್ಡಿಪೆಟ್ಟಿಗೆ ಕೊಳ್ಳಬೇಕು. ಬೇರೆ ಬೆರಳು ನಡೆಯುವುದಿಲ್ಲ; ತಂಬಾಕು ನಿಜಕ್ಕೂ ಬಿಟ್ಟಿದ್ದರೆ ಗೆರೆಗಳು ಮತ್ತೆ ಮೂಡಿ ಹಸಿರು ದೀಪ ಹತ್ತಲೇಬೇಕು. ಸರಿಯಾಗಿ ಅದೇ ಹೊತ್ತಿಗೆ ಓಣಿಯ ಹೆಂಗಸರಿಗೆಲ್ಲ ಜೀರಿಗೆ ಬೇಕಾಗುತ್ತದೆ. ನಾಲ್ಕನೆಯ ವಾರವೂ ಕೆಂಪು ದೀಪ ಹತ್ತಿದಾಗ ರಂಗೂಬಾಯಿ ಕಡ್ಡಿಪೆಟ್ಟಿಗೆಯನ್ನು ಒಳಗಿಟ್ಟಳು.

“ನಾಪಾಸ್” ಎಂದು ಘೋಷಿಸಿ, ಕಾಶವ್ವ ಮುಂದೆ ನಡೆದಳು.