ಚಹಾ ಕುಡಿದರೆ ಹೊರಡುವ ಲಾರಿ

"ಶನಿವಾರದೊಳಗೆ ಇದರ ರೋಗ ಏನು ಅಂತ ನಾನೇ ಕಂಡುಹಿಡಿದು ತೋರಿಸ್ತೀನಿ. ಆಗಲಿಲ್ಲ ಅಂದ್ರೆ ಭಾನುವಾರ ಗುಜರಿಯವನನ್ನ ಕರೆಸಿಬಿಡಿ!"

ಹೀಗೆಂದು ಗೇರಣ್ಣ ಗ್ಯಾರೇಜಿನ ನಟ್ಟನಡುವೆ ನಿಂತು ಎದೆ ತಟ್ಟಿಕೊಂಡ. ಅವನ ನಿಜವಾದ ಹೆಸರು ಅವನ ಲೈಸೆನ್ಸಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಜನರ ಮನೆಸಾಮಾನು ಸಾಗಿಸುವುದು ಅವನ ಕಸುಬು. ಲಾರಿ ಅವನ ಬಾಳಿಗೆ ಬಂದದ್ದು ಹೆಂಡತಿಗಿಂತ ಎರಡು ವರ್ಷ ಮೊದಲು. ಆ ಹಿರಿತನವನ್ನು ಅದು ಆಗಾಗ ತೋರಿಸಿಕೊಳ್ಳುತ್ತಲೂ ಇತ್ತು.

ಈಗ ಮೂರು ವಾರದಿಂದ ಹೊಸ ವರಸೆ ತೆಗೆದಿತ್ತು. ಬೆಳಿಗ್ಗೆ ಕೀ ಮುಟ್ಟಿದರೆ ಸಾಕು, ಗುಡುಗುತ್ತಿತ್ತು. ಒಂದೆರಡು ಗಂಟೆ ಓಡಿ ಮೈ ಬಿಸಿಯಾದ ಮೇಲೆ ನಿಲ್ಲಿಸಿದರೋ ಕಥೆ ಮುಗಿಯಿತು. ಕರ್ ಕರ್ ಅನ್ನುತ್ತಿತ್ತೇ ಹೊರತು ಜಪ್ಪಯ್ಯ ಅಂದರೂ ಹೊತ್ತಿಕೊಳ್ಳುತ್ತಿರಲಿಲ್ಲ.

"ವಯಸ್ಸಾಯ್ತು ಗೇರಣ್ಣ. ಬಿಸಿಯಾದ್ರೆ ಪಂಪು ಕೈಕೊಡುತ್ತೆ. ಈ ಗಾಡಿಗೆ ಹೊಸ ಪಂಪು ಎಲ್ಲೂ ಸಿಗಲ್ಲ. ಕೊಟ್ಟುಬಿಡಿ" ಅಂದಿದ್ದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತಾ.

ಕೊಟ್ಟುಬಿಡುವುದಂತೆ! ಆ ಲಾರಿ ಹೋದರೆ ತಾನು ಬರೀ ಅಣ್ಣ, ಗೇರು ಎಲ್ಲಿಂದ ಬಂತು ಅಂತ ಗೇರಣ್ಣನಿಗೆ ಒಳಗೊಳಗೇ ಹೆದರಿಕೆ. ಅದಕ್ಕೇ ಆ ಶಪಥ.

ಸಂಶೋಧನೆ ಶುರುವಾಯಿತು. ಬಿಸಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ. ಅದು ಹೆಂಡತಿಯ ಹೊಸ ಟವೆಲು ಅನ್ನುವುದು ಕಪ್ಪಾದ ಮೇಲೆ ತಿಳಿಯಿತು. ಎಂಜಿನ್ನಿಗೆ ಎಷ್ಟು ಜ್ವರ ಇದೆ ಅಂತ ನೋಡಲು ಮನೆಯ ಥರ್ಮಾಮೀಟರನ್ನೇ ಒಯ್ದು ತಾಗಿಸಿದ. ಅದು ಠಪ್ಪೆಂದು ಒಡೆದು ಕರ್ತವ್ಯದಿಂದ ನಿವೃತ್ತವಾಯಿತು. ಕೊನೆಗೆ, ನಿಲ್ಲಿಸಿದರೆ ತಾನೇ ತೊಂದರೆ, ನಿಲ್ಲಿಸುವುದೇ ಬೇಡ ಎಂಬ ಮಹಾಸತ್ಯ ಹೊಳೆದು, ಮಧ್ಯಾಹ್ನ ಊಟಕ್ಕೆ ಬಂದರೂ ಲಾರಿಯನ್ನು ಬಾಗಿಲ ಮುಂದೆ ಗುಡುಗಲು ಬಿಟ್ಟ. ಶೆಲ್ಫಿನ ತಟ್ಟೆಗಳೆಲ್ಲ ಕುಣಿದವು.

ಬಡಿಸುತ್ತಾ ಹೆಂಡತಿ ಕೂಗಿ ಕೇಳಿದಳು, "ರೀ, ಸಕ್ಕರೆ ಡಬ್ಬಿ ಮುಚ್ಚಳ ನೋಡಿದ್ರಾ? ಮೂರು ವಾರ ಆಯ್ತು. ಸಕ್ಕರೆಗಿಂತ ಇರುವೆನೇ ಜಾಸ್ತಿ ಇದೆ."

ಗೇರಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಟ್ಟ ಕಡೆನೇ ಇರುತ್ತೆ ಕಣೇ. ಕಣ್ಣು ಬಿಟ್ಟು ಹುಡುಕಬೇಕು ಅಷ್ಟೆ" ಅಂದವನು, ಯಾಕೋ ಎರಡನೇ ಸಲ ಬಡಿಸಿಕೊಳ್ಳದೆ ಎದ್ದುಹೋದ.

ಶನಿವಾರ ಬಂತು. ಒಂದು ಬೀರು ಸಾಗಿಸುವ ಕೆಲಸವಿತ್ತು. "ನನ್ನ ಟವೆಲು ಯಾವ ಘನಕಾರ್ಯಕ್ಕೆ ಹೋಯ್ತು ಅಂತ ನಾನೂ ನೋಡ್ತೀನಿ" ಅಂತ ಹೆಂಡತಿ ಫ್ಲಾಸ್ಕ್ ತುಂಬ ಚಹಾ ಹಿಡಿದು ಮುಂದಿನ ಸೀಟಿಗೆ ಹತ್ತಿ ಕೂತಳು.

ಬೀರು ಇಳಿಸುವ ಬೀದಿ ಲಾರಿಯಷ್ಟೇ ಅಗಲ. ಮನೆಯಾಕೆ ಹೊರಗೆ ಬಂದು, "ಮಗು ಈಗ ತಾನೇ ಮಲಗಿದೆ, ಎಂಜಿನ್ ಆಫ್ ಮಾಡಿ" ಅಂದಳು. ಗೇರಣ್ಣ ಉಸಿರು ಬಿಗಿಹಿಡಿದು ಆಫ್ ಮಾಡಿದ. ಬೀರು ಇಳಿಯಿತು. ಲಾರಿ ಮಾತ್ರ ಹೊರಡಲಿಲ್ಲ. ಕರ್ ಕರ್ ಸದ್ದಿಗೆ ಮಗು ಎದ್ದಿತು, ಹಿಂದೆ ನಾಲ್ಕು ಗಾಡಿ ಸಾಲುಗಟ್ಟಿದವು, ಹಾರ್ನುಗಳು ಗೇರಣ್ಣನ ಮಾನ ಹರಾಜು ಹಾಕಿದವು.

"ಹದಿನೈದು ನಿಮಿಷ ಸುಮ್ಮನಿರಬೇಕು" ಅಂತ ಅವನು ಹೆಂಡತಿಗೆ ವಿವರಿಸಿದ. "ಎಂಜಿನ್ ತಣ್ಣಗಾಗಬೇಕು. ನಾನು ಚಹಾ ಕುಡೀತೀನಿ, ಆಮೇಲೆ ಡೀಸೆಲ್ ಇದೆಯಾ ಅಂತ ಕಡ್ಡಿ ಇಳಿಸಿ ನೋಡ್ತೀನಿ, ಆಮೇಲೆ ಕೀ. ದಿನಾ ಹೀಗೇ."

ಚಹಾ ಕುಡಿದ. ಟ್ಯಾಂಕಿನ ಮುಚ್ಚಳ ಎತ್ತಿದ. ಫುಸ್ ಅಂದಿತು. ಕಡ್ಡಿ ಇಳಿಸಿ ನೋಡಿದ, ಕೀ ತಿರುಗಿಸಿದ. ಲಾರಿ ಗುಡುಗಿತು!

ಹೆಂಡತಿ ನಗಲಿಲ್ಲ. ಕಣ್ಣು ಕಿರಿದು ಮಾಡಿದಳು. "ಚಹಾ ಕುಡೀದೆ ಯಾವತ್ತಾದ್ರೂ ಮುಚ್ಚಳ ತೆಗೆದಿದ್ದೀರಾ?"

"ಇಲ್ಲ. ಯಾಕೆ?"

"ಸುಮ್ಮನೆ ಕೇಳಿದೆ. ಒಂದು ಗಂಟೆ ಓಡಿಸಿ, ದೊಡ್ಡ ರಸ್ತೇಲಿ ನಿಲ್ಲಿಸಿ."

ಓಡಿಸಿದ, ನಿಲ್ಲಿಸಿದ. ಲಾರಿ ಮತ್ತೆ ಮೊಂಡು ಹಿಡಿಯಿತು. ಗೇರಣ್ಣ ಫ್ಲಾಸ್ಕಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಕೆಳಗಿಳಿದು ಟ್ಯಾಂಕಿನ ಮುಚ್ಚಳ ಎಬ್ಬಿಸಿದಳು. ಫುಸ್!

"ಈಗ ತಿರುಗಿಸಿ."

ಸುಡುಸುಡು ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರಿಯುತ್ತಾ?" ಅಂದಳು ಅವಳು. "ಗಾಳಿ ಹೋಗೋಕೆ ಇನ್ನೊಂದು ಬೇಡ್ವಾ? ಈ ಮುಚ್ಚಳ ಇಷ್ಟು ಬಿಗಿ ಕೂತ್ರೆ ಡೀಸೆಲ್ ಎಲ್ಲಿಂದ ಬರಬೇಕು? ಓಡ್ತಿರೋವಾಗ ಪಂಪು ಹೇಗೋ ಎಳ್ಕೊಳ್ಳುತ್ತೆ, ನಿಲ್ಲಿಸಿದ ಮೇಲೆ ಅದಕ್ಕೆ ಅಷ್ಟು ಜೋರಿರಲ್ಲ. ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪನೇ ಗಾಳಿ ಸೇರಿಕೊಳ್ಳುತ್ತೆ, ಅದಕ್ಕೇ ಬೆಳಿಗ್ಗೆ ಹೊರಡುತ್ತೆ. ಬಿಸಿನೂ ಇಲ್ಲ, ಗಿಸಿನೂ ಇಲ್ಲ."

ಗೇರಣ್ಣನಿಗೆ ರಸ್ತೆಯಲ್ಲೇ ಕಣ್ಣು ತುಂಬಿ ಬಂತು. ಪಂಪಿಗೆ ಏನೂ ಆಗಿಲ್ಲ. ಎಂಜಿನ್ನಿಗೆ ಏನೂ ಆಗಿಲ್ಲ. ಲಾರಿ ಎಲ್ಲೂ ಹೋಗುವುದಿಲ್ಲ! ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವನು ಬಾನೆಟ್ಟನ್ನು ತಬ್ಬಿಕೊಂಡ, ಸುಟ್ಟುಕೊಂಡ, ಆದರೂ ನಕ್ಕ.

ತಿರುಗಿ ನೋಡಿದರೆ ಹೆಂಡತಿ ಮುಚ್ಚಳವನ್ನು ಮಗುಚಿ ಹಿಡಿದಿದ್ದಳು. ಸ್ಟೀಲಿನದು, ಒಳಗೆ ರಬ್ಬರ್ ಬಳೆ, ಅಂಚಿನಲ್ಲಿ ಚಮಚದಿಂದ ಮೀಟಿ ಮೀಟಿ ಆದ ಸೊಟ್ಟ.

"ಟ್ಯಾಂಕಿಂದು ದಾರೀಲಿ ಎಲ್ಲೋ ಬಿದ್ದುಹೋಯ್ತು" ಅಂದ ಗೇರಣ್ಣ ಸಣ್ಣ ದನಿಯಲ್ಲಿ. "ಇದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಳ್ತು ಕಣೇ..."

ಅವಳು ಅವನ ಪೆಟ್ಟಿಗೆಯಿಂದ ಮೊಳೆ, ಸುತ್ತಿಗೆ ತೆಗೆದು, ಠಣ್ ಅಂತ ನಡುವೆ ಒಂದು ತೂತು ಹೊಡೆದು, ಮುಚ್ಚಳವನ್ನು ಟ್ಯಾಂಕಿಗೇ ಒತ್ತಿ ಸೀಟಿಗೆ ಹತ್ತಿದಳು. ಮನೆ ತಲುಪುವಷ್ಟರಲ್ಲಿ ಗೇರಣ್ಣ ಖುಷಿಗೆಂದೇ ಎಂಟು ಕಡೆ ನಿಲ್ಲಿಸಿ ಎಂಟು ಸಲ ಸ್ಟಾರ್ಟ್ ಮಾಡಿದ. ಅವಳು ಎಂಟು ಸಲವೂ ಸುಮ್ಮನಿದ್ದಳು. ಅದೇ ಅವನಿಗೆ ಭಯ.

ಭಾನುವಾರ ಮೆಕ್ಯಾನಿಕ್ ಹೇಳಿಕಳಿಸಿದ್ದ ಗುಜರಿಯವನು ಬಂದೇಬಿಟ್ಟ. "ಹಳೇ ಲಾರಿ ಇದೆಯಂತೆ?"

"ಲಾರಿ ಕೊಡಲ್ಲ" ಅಂದಳು ಹೆಂಡತಿ. "ಬರಿಗೈಲಿ ಹೋಗ್ಬೇಡಿ, ಈ ಡಬ್ಬಿ ತಗೊಳ್ಳಿ."

ಅವನು ಡಬ್ಬಿಯಿಂದ ಎರಡು ಇರುವೆ ಕೊಡವಿ ಕೇಳಿದ, "ಇದರ ಮುಚ್ಚಳ ಎಲ್ಲಮ್ಮಾ?"

ಅವಳು ಗೇರಣ್ಣನ ಕಡೆ ತಿರುಗಿ, ಮೂರು ವಾರದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು.

"ಇಟ್ಟ ಕಡೆನೇ ಇದೆ ಕಣಪ್ಪ. ಕಣ್ಣು ಬಿಟ್ಟು ಹುಡುಕಬೇಕು ಅಷ್ಟೆ."